ಸೇಬಿನ ಹೊಳಪು

“ಇವತ್ತು ನನ್ನ ಕಣ್ಣು ತಪ್ಪಿಸಿ ಯಾವುದಾದ್ರೂ ಪ್ರಾಣಿಯ ಒಂದು ಎಳೆ ಕೂದಲಷ್ಟು ಅಂಶ ಊಟದ ಮೇಜಿಗೆ ಬಂದ್ರೆ, ನಾಳೆಯಿಂದ ಅಂಗಡಿ ಬಾಗಿಲೇ ತೆಗೆಯೋಲ್ಲ!”

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಈ ಭೀಷ್ಮಪ್ರತಿಜ್ಞೆ ಮಾಡಿದವರು ಬೀದಿಯ ತುದಿಯ ಕನ್ನಡಕದಂಗಡಿಯ ಯಜಮಾನರು. ಎಂಥ ಸಣ್ಣ ಅಕ್ಷರವನ್ನೂ ಬಿಡದೆ ಓದುವ ಅವರಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಭೂತಗನ್ನಡಿ ಮಾಮ.

ಪ್ರತಿಜ್ಞೆಗೆ ಕಾರಣ ಮಗಳು. ಅವಳು ವೀಗನ್ ಆಗಿದ್ದಳು. ಮಾಂಸ, ಮೊಟ್ಟೆ ಹಾಗಿರಲಿ, ಹಾಲು, ಬೆಣ್ಣೆ, ಜೇನುತುಪ್ಪವನ್ನೂ ಮುಟ್ಟುತ್ತಿರಲಿಲ್ಲ. ಹೋದ ಸಲ ಅವಳು ಬಂದಾಗ ಯಜಮಾನರು “ಬರೀ ತರಕಾರಿ ಕಣಮ್ಮ” ಎಂದು ಬಡಿಸಿದ ಪೊಟ್ಟಣದ ಸೂಪಿನಲ್ಲಿ ಹಾಲಿನ ಪುಡಿ ಇತ್ತು! ಗೊತ್ತಾಗುವಷ್ಟರಲ್ಲಿ ಅರ್ಧ ಬಟ್ಟಲು ಖಾಲಿ. ಮಗಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೊನ್ನೆ ಫೋನು ಮಾಡಿ, “ಭಾನುವಾರ ಬರ್ತೀನಪ್ಪ. ನನ್ನ ಊಟ ನಾನೇ ಡಬ್ಬೀಲಿ ತರ್ತೀನಿ” ಎಂದಳು.

ಹೆತ್ತವರ ಮನೆಗೆ ಊಟದ ಡಬ್ಬಿ! ಆ ಡಬ್ಬಿಯ ಮುಚ್ಚಳ ತಮ್ಮ ಮೇಜಿನ ಮೇಲೆ ತೆರೆದುಕೊಂಡರೆ ಅಪ್ಪನೆಂಬ ಪದವಿ ಮೂರು ಕಾಸಿಗೆ ಹರಾಜಾದಂತೆ ಎಂದು ಯಜಮಾನರಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ ಅವರಿಗೆ ತುಂಬ ನೋವಾಗಿತ್ತು.

ಸರಿ, ಅಡುಗೆಮನೆಯ ಪೊಟ್ಟಣಗಳ ತಪಾಸಣೆಗೆ ಜೇಬಿನಿಂದ ಭೂತಗನ್ನಡಿ ಹೊರಬಂತು. ಅದನ್ನು ಒರೆಸಲು ಅಂಗಡಿಯ ಹಳದಿ ಬಣ್ಣದ ಮೆತ್ತನೆಯ ತುಂಡೂ ಬಂತು. ಈಗಿನ ನೈಲಾನ್ ಬಟ್ಟೆಗಳಿಂದ ಗಾಜಿಗೆ ಗೀರು ಬೀಳುತ್ತದೆಂದು ಯಜಮಾನರು ಈ ತುಂಡನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವವರಲ್ಲ.

“ಅಯ್ಯಯ್ಯೋ, ಬ್ರೆಡ್ಡಲ್ಲಿ ವೇ ಪೌಡರ್!”

“ಹಂಗಂದ್ರೆ?” ಎಂದರು ಹೆಂಡತಿ.

“ಹಾಲು ಒಡೆದಾಗ ನೀರು ಬರುತ್ತಲ್ಲ, ಅದನ್ನ ಒಣಗಿಸಿದ್ದು ಕಣೇ!”

“ಅದನ್ನ ಬ್ರೆಡ್ಡಿಗೆ ಯಾಕ್ರೀ ಹಾಕ್ತಾರೆ?”

“ನನ್ನ ಹೊಟ್ಟೆ ಉರಿಸೋಕೆ!”

ಬ್ರೆಡ್ಡು ಹೊರಗೆ ಹೋಯಿತು. ಅದರ ಬೆನ್ನಿಗೇ ಮೂಳೆ ಬೇಯಿಸಿ ತೆಗೆದ ಜೆಲಾಟಿನ್ ಇದೆಯೆಂದು ಜೆಲ್ಲಿ ಹೋಯಿತು. ಕೆಂಪು ಮಿಠಾಯಿಯ ಬಣ್ಣ ಹುಳು ಅರೆದು ಮಾಡಿದ್ದಂತೆ, ಅದೂ ಹೋಯಿತು. “ಹಾಲಿಲ್ಲದ್ದು” ಎಂದು ದಪ್ಪಕ್ಷರದಲ್ಲಿ ಬರೆದ, ಕಾಫಿಗೆ ಹಾಲಿನ ಬದಲು ಬೆರೆಸುವ ಬಿಳಿ ಪುಡಿಯ ಪೊಟ್ಟಣದ ಹಿಂದುಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹಾಲಿನಿಂದ ತೆಗೆದ ಕೇಸೀನ್! ಇತ್ತ ತೆಂಗಿನ ಹಾಲಿನಲ್ಲಿ ಹುಡುಕಿ ಹುಡುಕಿ ನೋಡಿದರೂ ಹಾಲೇ ಇಲ್ಲ! ಯಜಮಾನರಿಗೆ ತಲೆ ಗಿರ್ರೆಂದಿತು. ಯಾವುದು ಒಳಗೆ, ಯಾವುದು ಹೊರಗೆ ಎಂದು ತಿಳಿಯದೆ ತೆಂಗಿನ ಹಾಲನ್ನು ಕಿಟಕಿಯ ಮೇಲಿಟ್ಟರು.

“ಇನ್ನೇನು ಉಳೀತು?” ಎಂದರು ಹೆಂಡತಿ.

“ಆಲೂಗಡ್ಡೆ, ಬೀನ್ಸು, ಉಪ್ಪು, ನೀರು.”

“ನೀರಲ್ಲಿ ಮೀನು ಇರುತ್ತಲ್ರೀ?”

ಯಜಮಾನರು ಒಂದು ಗಳಿಗೆ ನಿಜವಾಗಿಯೂ ಯೋಚನೆಗೆ ಬಿದ್ದರು.

ಕೊನೆಗೆ ಸೇಬು ನೆನಪಾಗಿ ದಿನಸಿ ಅಂಗಡಿಯವನಿಗೆ ಫೋನು ಮಾಡಿದರು. “ಹಣ್ಣಲ್ಲಾದ್ರೂ ಮೋಸ ಇಲ್ಲ ತಾನೇ?”

“ಹಣ್ಣು ಹಣ್ಣೇ ಅಣ್ಣ. ಹೊಳಪಿಗೆ ಅಂತ ಮೇಲೆ ಮೇಣ ಬಳಿದಿರ್ತಾರೆ, ಅಷ್ಟೇ. ಜೇನುಮೇಣವೋ ಅರಗೋ, ಯಾರಿಗ್ಗೊತ್ತು!”

ಜೇನುಮೇಣ ನೊಣದ್ದು, ಅರಗು ಹುಳದ್ದು! ಯಜಮಾನರು ಬಿಸಿನೀರು ಕಾಯಿಸಿ, ತೋಳೇರಿಸಿ, ಒಂದೊಂದೇ ಸೇಬನ್ನು ಮಗುವಿನ ತಲೆ ತೊಳೆಯುವಂತೆ ತೊಳೆದರು. ಆಮೇಲೆ ಹಳದಿ ತುಂಡಿನಿಂದ ತಿಕ್ಕಿ ತಿಕ್ಕಿ ಒರೆಸಿದರು. ಕೈ ಹುರುಪಿನಲ್ಲಿತ್ತು, ತಟ್ಟೆ, ಚಮಚಗಳನ್ನೂ ಬಿಡಲಿಲ್ಲ.

ಮಧ್ಯಾಹ್ನ ಮಗಳು ಬಂದಳು, ಡಬ್ಬಿಯೂ ಬಂತು. ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಬೀನ್ಸು, ಫಳಫಳ ಹೊಳೆಯುವ ಸೇಬು. ಹಿತ್ತಿಲ ಬಾಗಿಲಲ್ಲಿ ಗಡೀಪಾರಾದ ಪೊಟ್ಟಣಗಳ ಗುಡ್ಡೆ. ಮಗಳ ಕಣ್ಣು ತುಂಬಿತು.

“ಇಷ್ಟೆಲ್ಲ ನನಗೋಸ್ಕರ ಮಾಡಿದ್ರಾ ಅಪ್ಪ?”

ಡಬ್ಬಿ ಮೆಲ್ಲಗೆ ಚೀಲದೊಳಕ್ಕೆ ವಾಪಸಾಯಿತು. ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು!

ಮಗಳು ಒಂದು ಸೇಬು ಕೈಗೆತ್ತಿಕೊಂಡಳು. “ಮುಖ ಕಾಣೋ ಹಾಗೆ ಹೊಳೀತಿದೆಯಲ್ಲ!”

“ಮೇಣ ಪೂರ್ತಿ ತೆಗೆದುಬಿಟ್ಟೆ. ತಟ್ಟೆ ಚಮಚ ಎಲ್ಲ ಒರೆಸಿದ್ದೂ ಇದರಲ್ಲೇ!”

ಅವಳು ಆ ಹಳದಿ ತುಂಡನ್ನು ಕೆನ್ನೆಗೆ ಒತ್ತಿಕೊಂಡಳು. “ಎಷ್ಟು ಮೆತ್ತಗಿದೆ! ಯಾವ ಬಟ್ಟೆ ಅಪ್ಪ ಇದು?”

ಗಿರಾಕಿಗಳೆಲ್ಲ ಕೇಳುವ ಪ್ರಶ್ನೆಯೇ ಇದು. ಉತ್ತರ ಯಜಮಾನರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಎದೆಯುಬ್ಬಿಸಿ ಹೇಳಿದರು:

“ಬಟ್ಟೆ ಅಂತೀಯಾ? ಥೂ! ಅಪ್ಪಟ ಕುರಿ ಚರ್ಮ ಕಣಮ್ಮ! ಇದರ ಮುಂದೆ ಯಾವ ಬಟ್ಟೇನೂ…”

ಮಾತು ಅಲ್ಲೇ ನಿಂತಿತು. ಬಾಯಿ ಮುಚ್ಚುವುದನ್ನೂ ಮರೆತು ಯಜಮಾನರು ಸೇಬು ನೋಡಿದರು, ತಟ್ಟೆ ನೋಡಿದರು, ಚಮಚ ನೋಡಿದರು. ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಕಿಸಕ್ಕೆಂದು ಸದ್ದಾಯಿತು. ಅವಳು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ನಗು ಇಳಿದ ಮೇಲೆ ಚೀಲದಿಂದ ಡಬ್ಬಿ ತೆಗೆದಳು. ಯಾವ ಮುಚ್ಚಳ ತೆರೆಯಬಾರದೆಂದು ಅಪ್ಪ ಬೆಳಗಿನಿಂದ ಕುಸ್ತಿ ಮಾಡಿದ್ದರೋ ಅದೇ ಮುಚ್ಚಳ ತೆರೆದು, ಅದರಲ್ಲೇ ಮೊದಲ ತುತ್ತು ಬಡಿಸಿ ಅಪ್ಪನ ಮುಂದೆ ಇಟ್ಟಳು.

“ತಟ್ಟೆ ಬೇಡ ಅಪ್ಪ. ಮುಚ್ಚಳದಲ್ಲೇ ತಿನ್ನಿ.”

ಯಜಮಾನರು ತಲೆ ತಗ್ಗಿಸಿ ಗಬಗಬನೆ ತಿನ್ನತೊಡಗಿದರು. ಹೆಂಡತಿ ನೀರಿನ ಲೋಟ ಪಕ್ಕಕ್ಕಿಟ್ಟು ಹೇಳಿದರು:

“ನಿಧಾನಕ್ಕೆ ತಿನ್ರೀ. ಹೇಗೂ ನಾಳೆಯಿಂದ ಅಂಗಡಿ ಬಾಗಿಲು ತೆಗೆಯೋ ಹಾಗಿಲ್ಲವಲ್ಲ!”