ಮೊದಲ ದಿನವೇ ಒಡೆಯಬೇಕಾದ ಗಾಜು

ಗಾಜು ಒಡೆಯುವ ಸದ್ದು ಕೇಳಿದರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಪಕ್ಕದ ಮನೆಯಲ್ಲಿ ಲೋಟ ಬಿದ್ದರೂ ಎದ್ದು ನಿಲ್ಲುತ್ತೇನೆ. "ಕೂತ್ಕೊಳ್ರೀ, ಅದು ಅವರ ಲೋಟ" ಎಂದು ಹೆಂಡತಿ ಹೇಳಿದ ಮೇಲೆ ಕೂರುತ್ತೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿನ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗಕ್ಕೆ ಅಧ್ಯಾಪಕನಾಗಿ ಸೇರಿ, ಅಲ್ಲಿನ ಗಾಜಿನ ಸಾಮಾನಿಗೆ ಕಾವಲುಗಾರನೂ ಆದವನಿಗೆ ಅಂಟಿದ ಜಾಡ್ಯವಿದು. ನಮ್ಮ ಪ್ರಯೋಗಾಲಯದಲ್ಲಿ 'ಮುಟ್ಟಬೇಡಿ' ಎಂಬ ಚೀಟಿ ಬೀರುವಿನ ಮೇಲಿತ್ತು, ತಕ್ಕಡಿಯ ಮೇಲಿತ್ತು, ಏಕೋ ಕಿಟಕಿಯ ಮೇಲೂ ಇತ್ತು. ಅಷ್ಟೂ ನನ್ನ ಕೈಬರಹವೇ. ಹಳ್ಳಿಯ ಮಕ್ಕಳು ಬಹಳ ವಿಧೇಯರು, ಮುಟ್ಟುತ್ತಲೇ ಇರಲಿಲ್ಲ. ಅಮೃತಾಪುರದ ಹುಡುಗನೊಬ್ಬ ಚಪ್ಪಲಿ ಹೊರಗೆ ಬಿಟ್ಟು ಬಂದು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಕೈಕಟ್ಟಿ ನಿಂತಿದ್ದ. ಮಂಗಳಾರತಿಯೊಂದು ಬಾಕಿ. ಇಂಥವರು ದಸರಾ ರಜೆಯ ಹೊತ್ತಿಗೆ ಕಲಾ ವಿಭಾಗಕ್ಕೆ ಹೋಗಿಬಿಡುತ್ತಿದ್ದರು. 'ವಿಜ್ಞಾನ ಎಲ್ಲರಿಗೂ ಒಗ್ಗುವುದಿಲ್ಲ' ಎಂದು ನಾವು ಗಂಭೀರವಾಗಿ ಕಾಫಿ ಕುಡಿಯುತ್ತಿದ್ದೆವು.

ಆಮೇಲೆ ತರೀಕೆರೆಯಿಂದ ಶಾರದಮ್ಮ ಮೇಡಂ ಮುಖ್ಯಸ್ಥರಾಗಿ ಬಂದರು. ಹಿರೇನಲ್ಲೂರಿನ ಗಿರಿಜೆಯನ್ನು ಕಲಾ ವಿಭಾಗಕ್ಕೆ ಬದಲಾಯಿಸಿ ಎಂದು ಅವಳ ಅಪ್ಪ ಕೇಳಿದ್ದು ಅವರನ್ನೇ. ಹುಡುಗಿಗೆ ಕೆಮಿಸ್ಟ್ರಿ ಎಂದರೆ ಪ್ರಾಣ. ಆದರೆ ಗಾಜಿನ ಕೊಳವೆ ಕೊಟ್ಟರೆ ಹಿಂದೆ ಸರಿಯುತ್ತಿದ್ದಳು.

"ಬ್ಯಾಡ್ರೀ ಮೇಡಮ್ಮೋರೆ. ಮನೇಲೂ ಇವ್ಳ ಕೈಗೆ ಲಾಟೀನ್ ಗಾಜು ಕೊಡಲ್ಲ ನಾವು. ಗಾಜು ಒಡುದ್ರೆ ಅಪಶಕುನ."

"ನಿನಗೇನು ಇಷ್ಟ, ಹೇಳಮ್ಮ" ಎಂದರು ಮೇಡಂ.

"ಇಲ್ಲೇ ಓದ್ಬೇಕು. ಆದ್ರೆ ಒಡುದ್ಬಿಟ್ರೆ?"

ಮೇಡಂ ಸಮಾಧಾನ ಹೇಳಲಿಲ್ಲ. ಬಿರುಕು ಬಿಟ್ಟು ಕಸಕ್ಕೆ ಹೋಗಬೇಕಿದ್ದ ಟೆಸ್ಟ್‌ಟ್ಯೂಬುಗಳನ್ನು ತರಿಸಿ, ನೆಲದ ಮೇಲೆ ಖಾಲಿ ಸೀಮೆಎಣ್ಣೆ ಡಬ್ಬ ಇಡಿಸಿದರು. "ಒಡಿ ಅಂತಲೇ ಹೇಳ್ತಿರೋದು. ಹಾಕು ಒಳಗೆ."

ಹುಡುಗಿ ಅಪ್ಪನನ್ನು ನೋಡಿದಳು, ಅಪ್ಪ ನನ್ನನ್ನು ನೋಡಿದ, ನಾನು ಬಾಗಿಲನ್ನು ನೋಡಿದೆ. ಠಳ್! ನಾನು ಮೇಜು ಹಿಡಿದುಕೊಂಡೆ.

"ಏನಾಯ್ತು?"

"ಒಡೀತು ಮೇಡಂ."

"ಆಮೇಲೆ?"

ಗಿರಿಜೆ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. "ಆಮೇಲೆ... ಏನೂ ಆಗ್ಲಿಲ್ಲ."

ಅಪ್ಪ ಡಬ್ಬದೊಳಗೆ ಇಣುಕಿದ. "ಎಲ್ಲಿ, ನಂಗೂ ಒಂದ್ ಕೊಡಿ." ಅವನೂ ಒಡೆದು ನಕ್ಕ. "ನಮ್ಮವ್ವ ನೋಡಿದ್ರೆ ಸೌದೆ ತಗೊಂಡ್ ಬರೋಳು!" ಕಲಾ ವಿಭಾಗದ ಮಾತನ್ನೇ ಮರೆತು ಬಸ್ಸಿಗೆ ಹೋದ. ಗಿರಿಜೆ ಅಂದೇ ಮಧ್ಯಾಹ್ನ ಬ್ಯೂರೆಟ್ಟಿನ ಉದ್ದ ಗಾಜಿನ ಕೊಳವೆ ಹಿಡಿದು, ಹನಿ ಹನಿಯಾಗಿ ಆಮ್ಲ ಬಿಟ್ಟಳು.

ಮರುವರ್ಷದಿಂದ ಅದೇ ನಮ್ಮ ವಿಭಾಗದ ಸ್ವಾಗತ ಸಮಾರಂಭವಾಯಿತು. ಹಾರವಿಲ್ಲ, ಭಾಷಣವಿಲ್ಲ, ಹೊಸಬರು ಒಬ್ಬೊಬ್ಬರೂ ಒಂದೊಂದು ಟ್ಯೂಬು ಒಡೆಯಬೇಕು. ಚೀಟಿಗಳನ್ನು ಮೇಡಂ ತಾವೇ ಕಿತ್ತರು, ಕಿಟಕಿಯದನ್ನು ಮೊದಲು. ಮೌಖಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಪ್ರಶ್ನೆ ಕೇಳಿದರು. ಬಾಯಿ ಬಾರದವರೆಂದು ನಾನು ತಿಳಿದಿದ್ದ ಅಜ್ಜಂಪುರದ ಹುಡುಗರು ನಿಲ್ಲಿಸಲಾಗದಷ್ಟು ಮಾತನಾಡಿದರು. ಬೇಕೆಂದೇ ಒಡೆದದ್ದನ್ನು ಬಿಟ್ಟರೆ, ಗಾಜು ಒಡೆಯುವುದು ಮೊದಲಿಗಿಂತ ಕಡಿಮೆಯಾಯಿತು. ನಾನು ನಂಬದೆ ಬೀರು ತೆಗೆದು ಮತ್ತೆ ಮತ್ತೆ ನೋಡಿದ್ದೇನೆ.

ಗಿರಿಜೆ ಕೊನೆಯ ವರ್ಷದಲ್ಲಿದ್ದಾಗ ಹೊಸಬರಿಗೆ ಟ್ಯೂಬು ಹಂಚುವ ಕೆಲಸ ಅವಳದಾಗಿತ್ತು. ಹಂಚುತ್ತಾ ಬಂದು ನನ್ನ ಕೈಗೂ ಒಂದು ಇಟ್ಟಳು. ನಾನು ಡಬ್ಬದ ಮೇಲೆ ಕೈ ಚಾಚಿದೆ. ಬೆರಳು ಬಿಡಲಿಲ್ಲ. ಕಣ್ಣು ಮುಚ್ಚಿದೆ. ಆಗಲೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಏಯ್, ನಗ್ಬೇಡ್ರೋ" ಎಂದು ಗದರಿದಳು ಗಿರಿಜೆ. "ಸಾರ್‌ಗೆ ಇನ್ನೂ ಹೊಸದು. ನಿಧಾನಕ್ಕೆ ರೂಢಿ ಆಗುತ್ತೆ."

ಆ ವಿಭಾಗದಲ್ಲಿ ಆಗ ನನಗಿಂತ ಹಳಬರು ಯಾರೂ ಇರಲಿಲ್ಲ.