ತಾಳ ತಪ್ಪದ ಸಿಪಾಯಿ

ಪ್ಯೋ ಗಿಲ್‌ಸಾಂಗ್‌ನ ಗ್ರಹಚಾರ ಕೆಟ್ಟದ್ದು ಒಂದು ಪತ್ರದಿಂದ. ಕಾಗದದ ಪತ್ರವಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಬಂದದ್ದು. ಬೆಳಗ್ಗೆ ಹತ್ತು ಗಂಟೆಗೆ ಕೆಳಸಂತೆಯ ಪೀಸಿ ಬಾಂಗಿಗೆ, ಅಂದರೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಂಪ್ಯೂಟರ್ ಆಟ ಆಡುವ ಅಂಗಡಿಗೆ ಬಂದು, ಹದಿನಾಲ್ಕನೇ ನಂಬರಿನ ಕುರ್ಚಿಯಲ್ಲಿ ಕೂತು, ಯುದ್ಧದ ಆಟ ಶುರು ಮಾಡಿದರೆ ಅವನ ಸಿಪಾಯಿ ಬರಲಿಲ್ಲ. ಕೆಂಪು ಅಂಚಿನ ಪತ್ರ ಬಂತು.

ಓದುವ ಕನ್ನಡಕ ಅವನ ಶಾವಿಗೆ ಅಂಗಡಿಯಲ್ಲೇ ಉಳಿದಿತ್ತು. "ತಾಕ್ ಅಕ್ಕಾ, ಇದೇನು ಬರ್ದಿದೆ ಸ್ವಲ್ಪ ನೋಡಿ" ಅಂದ.

ಪೀಸಿ ಬಾಂಗಿನ ಯಜಮಾನಿ ತಾಕ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಬಂದಳು. ಹಾಗೆ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಮೀನು ಹರಾಜು ಕೂಗುವವರ ಹಾಗೆ ಓದಿದಳು:

"ನಿಮ್ಮ ಸಿಪಾಯಿಯ ನಡೆ ಮನುಷ್ಯರ ನಡೆಯಲ್ಲ ಎಂದು ಅನುಮಾನವಿದೆ. ಹೆಜ್ಜೆಗೂ ಹೆಜ್ಜೆಗೂ ನಡುವಿನ ಸಮಯದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೋಸದ ಯಂತ್ರ ಬಳಸಿರುವ ಕಾರಣ ನಿಮ್ಮ ಖಾತೆಗೆ ಬೀಗ ಹಾಕಲಾಗಿದೆ!"

ಮೂವತ್ತು ಕುರ್ಚಿಗಳು ಒಟ್ಟಿಗೆ ತಿರುಗಿದವು. ಕಪ್ ನೂಡಲ್ಸ್ ತಿನ್ನುತ್ತಿದ್ದವನೊಬ್ಬ ಬಾಯಲ್ಲಿದ್ದದ್ದನ್ನು ಕಚ್ಚದೆ ಹಾಗೇ ಜೋಲಾಡಿಸಿಕೊಂಡು ನೋಡಿದ.

ಬೇರೆ ದಿನವಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಅವತ್ತು ಮಧ್ಯಾಹ್ನ ನಾಲ್ಕಕ್ಕೆ ಮೇಲುಸಂತೆಗೂ ಕೆಳಸಂತೆಗೂ ಇದೇ ಆಟದ ಪಂದ್ಯ. ಡೇಜಾನ್ ಊರಿನ ನಮ್ಮ ಭಾಗದಲ್ಲಿ ಈ ಪಂದ್ಯ ಅಂಗಡಿಯವರದೇ; ನಲವತ್ತು ದಾಟಿದವರಿಗೆ ಮಾತ್ರ. ಗೆದ್ದ ಸಂತೆಯ ಹೆಸರು, ಅದರ ಕೆಳಗೆ ಮುಂದಾಳಿನ ಹೆಸರು ಬರೆದ ದೊಡ್ಡ ಬಟ್ಟೆ ಮೆಟ್ರೋ ನಿಲ್ದಾಣದ ಬಾಗಿಲಿಗೆ ಒಂದು ವರ್ಷ ತೂಗುತ್ತದೆ. ಐದು ವರ್ಷದಿಂದ ಅಲ್ಲಿ ತೂಗುತ್ತಿದ್ದದ್ದು ಮೇಲುಸಂತೆಯ ಹೆಸರು. ಕೆಳಸಂತೆಯವರು ಆ ಮೆಟ್ಟಿಲು ಹತ್ತುವಾಗ ಚಪ್ಪಲಿಯನ್ನೇ ನೋಡಿಕೊಂಡು ಹತ್ತುತ್ತಿದ್ದರು.

ಈ ವರ್ಷ ಮುಂದಾಳು ಪ್ಯೋ. ಸಂತೆಯ ಮೂಲೆಯಲ್ಲಿ ಕಲ್‌ಗುಕ್ಸು ಅಂಗಡಿ ಇಟ್ಟವನು. ಬಿಸಿ ಸಾರಿನಲ್ಲಿ ಚಾಕುವಿನಿಂದ ಕೊಯ್ದ ಶಾವಿಗೆ. "ಕೈ ಕಲ್‌ಗುಕ್ಸು" ಎಂದು ಬಾಗಿಲ ಮೇಲೆ ಬೋರ್ಡು. ಐವತ್ತೆರಡು ವರ್ಷದಲ್ಲಿ ಯಾರೂ ಅವನನ್ನು ಯಾವುದಕ್ಕೂ ಮುಂದೆ ನಿಲ್ಲಿಸಿದವರಲ್ಲ. ಸಂತೆಯ ಗುಂಪು ಫೋಟೋದಲ್ಲೂ ಅವನು ಅರ್ಧ ಮುಖ ಕಂಬದ ಹಿಂದೆ. ಈ ಆಟದಿಂದ ಮೊದಲ ಸಲ ಅವನ ಹೆಸರು ಗಲ್ಲಿಯಲ್ಲಿ ಓಡಾಡಿತ್ತು. ಆ ಬಟ್ಟೆಯ ಮೇಲೆ ತನ್ನ ಹೆಸರು ಗಾಳಿಗೆ ಪಟಪಟ ಅನ್ನುವುದನ್ನು ಅವನು ಕನಸಿನಲ್ಲಿ ಎರಡು ಸಲ ಕೇಳಿದ್ದ.

ಆಟ ಕಷ್ಟದ್ದೇನಲ್ಲ. ಈ ಕಡೆ ಐವರು, ಆ ಕಡೆ ಐವರು. ನಡುವೆ ಸುಟ್ಟುಹೋದ ಒಂದು ರೈಲ್ವೆ ಅಂಗಳ: ಮುರಿದ ಬೋಗಿಗಳು, ಮೋಟು ಗೋಡೆಗಳು, ಮರಳಿನ ಮೂಟೆಗಳು. ಒಂದು ಮರೆಯಿಂದ ಇನ್ನೊಂದು ಮರೆಗೆ ಓಡಬೇಕು, ಹೊಗೆಯ ಗುಂಡು ಎಸೆದು ಬಯಲು ದಾಟಬೇಕು. ಬಯಲಲ್ಲಿ ನಿಂತವನು ಸತ್ತ. ಎಲ್ಲರ ಸಿಪಾಯಿಗಳೂ ಬಸ್ ತಪ್ಪಿದವರ ಹಾಗೆ ಓಡುತ್ತಾರೆ. ಪ್ಯೋನ ಸಿಪಾಯಿಗೆ ಅವಸರವೇ ಇಲ್ಲ. ಗೋಡೆಯ ಅಂಚಿಗೆ ಬರುತ್ತಾನೆ. ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ, ಕೂತ, ಎದ್ದ. ಮತ್ತೆ ಎಡಕ್ಕೆ, ಬಲಕ್ಕೆ, ಕೂತ, ಎದ್ದ. ಎದುರಿನವನು ತಲೆಗೆ ಗುರಿಯಿಟ್ಟು ಗುಂಡು ಬಿಡುವಷ್ಟರಲ್ಲಿ ತಲೆ ಅಲ್ಲಿರುವುದಿಲ್ಲ. ಅಷ್ಟರೊಳಗೆ ಪ್ಯೋನ ಗುಂಡು ಹೋಗಿ ಮುಟ್ಟಿರುತ್ತದೆ.

ಸುದ್ದಿ ಸಂತೆಯಲ್ಲಿ ಹರಡಿತು. ಮೊದಲು ಓಡಿಬಂದವರು ಒಣಮೀನಿನ ಅಂಗಡಿಯ ಮೆಂಗ್, ಸಂತೆಯ ಸಂಘದ ಅಧ್ಯಕ್ಷರು. ಅವರಿಗಿಂತ ಮೊದಲು ಅವರ ಮೀನಿನ ವಾಸನೆ ಬಂತು.

"ಏನಯ್ಯಾ ಪ್ಯೋ, ಇದು ನಿಜಾನಾ?"

"ಇಲ್ಲ ಅಣ್ಣಾ, ನಮ್ಮಮ್ಮನಾಣೆ ಇಲ್ಲ. ನಂದೇ ಕೈ, ನಂದೇ ಬೆರಳು."

"ಒಬ್ಬನ ಖಾತೆಗೆ ಮೋಸ ಅಂತ ಬೀಗ ಬಿದ್ರೆ ಐದೂ ಜನ ಪಂದ್ಯದಿಂದ ಆಚೆ. ಗೊತ್ತಲ್ವಾ?"

"ಗೊತ್ತಣ್ಣಾ."

"ಗೊತ್ತಿದ್ದೂ ಮಾಡಿದ್ಯಾ?"

ಅಷ್ಟರಲ್ಲಿ ಅಕ್ಕಿ ಕಡುಬಿನ ಅಂಗಡಿಯ ಯೊಮ್ ಅಜ್ಜಿ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಒಳಗೆ ಬಂದರು. ಅವರಿಗೆ ಆಟ ಗೊತ್ತಿಲ್ಲ, ಮೋಸ ಮಾತ್ರ ಎಲ್ಲಿದ್ದರೂ ಗೊತ್ತಾಗುತ್ತದೆ. "ಮೊದ್ಲು ಆ ಹಲಗೆ ಬೋರಲು ಹಾಕಿ" ಅಂದರು. ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದರು. ಒಣ ಸ್ಕ್ವಿಡ್ಡಿನ ಎರಡು ಕಾಲು, ಒಂದು ಹಲ್ಲುಕಡ್ಡಿ, ಯಾರದೋ ಅಂಗಿಯ ಗುಂಡಿ ಬಿದ್ದವು.

"ಈ ಗುಂಡಿ ಯಾರ್ದು?" ಮೆಂಗ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಒಳಗೆ ತಂತಿ ಗಿಂತಿ ಇರ್ಬೋದು."

ಗುಂಡಿಯನ್ನು ಹಲ್ಲಿನಿಂದ ಕಚ್ಚಿ ನೋಡಿದರು. ಗುಂಡಿಗೆ ಏನೂ ಆಗಲಿಲ್ಲ. ಅವರು ಗಲ್ಲ ಹಿಡಿದುಕೊಂಡರು. ಆಮೇಲೆ ಪ್ಯೋನ ತೋಳು ಮಡಿಚಿಸಿದರು, ಜೇಬು ಹೊರಗೆ ಎಳೆಸಿದರು, ಕಾಲುಚೀಲ ಬಿಚ್ಚಿಸಿದರು. ಎಡಗಾಲಿನ ಚೀಲ ಹೆಬ್ಬೆರಳಲ್ಲಿ ತೂತು. ಅದನ್ನೂ ಅನುಮಾನದಿಂದ ನೋಡಿದರು.

"ನನ್ನ ಖಾತೆಯಲ್ಲಿ ಆಡ್ಲಿ, ಎಲ್ರೂ ಹಿಂದೆ ನಿಂತು ನೋಡೋಣ" ಅಂದಳು ತಾಕ್.

ಪ್ಯೋ ಆಡಿದ. ಹಿಂದೆ ಇಪ್ಪತ್ತು ಜನ ಉಸಿರು ಬಿಟ್ಟದ್ದೆಲ್ಲ ಅವನ ಕತ್ತಿಗೆ ಬೀಳುತ್ತಿತ್ತು. ಸಿಪಾಯಿ ಗೋಡೆಯ ಅಂಚಿಗೆ ಬಂದ. ಎಡ, ಬಲ, ಕೂತ, ಎದ್ದ. ಎಡ, ಬಲ, ಕೂತ, ಎದ್ದ. ಗೋಡೆ ಗಡಿಯಾರದ ಮುಳ್ಳು ಅವನನ್ನು ನೋಡಿ ಕಲಿತ ಹಾಗಿತ್ತು.

"ಅಯ್ಯಯ್ಯೋ" ಅಂದರು ಅಜ್ಜಿ. "ಇದು ಮನುಷ್ಯ ಅಲ್ಲ ಕಣ್ರೋ."

ಅವನ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ನಾಡಿ ನೋಡಿದರು. "ಇದೆ, ಹೊಡ್ಕೋತಿದೆ. ಆದ್ರೆ ಬಲು ಜೋರು. ತಪ್ಪು ಮಾಡಿದೋರ್ದು ಹೀಗೇ."

ಪ್ಯೋನ ಮುಖದಲ್ಲಿ ಬೆವರು ಇಳಿಯಿತು. ಕನಸಿನ ಬಟ್ಟೆ ಯಾರೋ ಮಡಿಚಿಟ್ಟ ಹಾಗಾಯಿತು. ಆ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟ:

"ಇಪ್ಪತ್ತೈದು ವರ್ಷದಿಂದ ಶಾವಿಗೆ ಕೊಯ್ದ ಕೈ ಇದು! ಒಂದು ಎಳೆ ದಪ್ಪ, ಒಂದು ಎಳೆ ತೆಳು ಬಂದಿದ್ದು ಯಾರಾದ್ರೂ ನೋಡಿದೀರಾ? ಕೈಗೆ ಆ ಲೆಕ್ಕ ಕೂತ್ಬಿಟ್ಟಿದೆ. ಅದೇ ಲೆಕ್ಕದಲ್ಲಿ ಸಿಪಾಯಿ ನಡೀತಾನೆ."

ಎಲ್ಲರೂ ಅವನ ಕೈ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ಹೌದಲ್ವಾ! ಎಲ್ಲಾ ಎಳೇನೂ ಒಂದೇ ಅಚ್ಚು!"

"ನನ್ನ ಗಂಡ ಅದನ್ನೇ ಹೊಗಳ್ತಾ ಇರ್ತಾರೆ. ನನ್ನ ಅಡುಗೇನ ಹೊಗಳಲ್ಲ."

ಮೆಂಗ್ ಪ್ಯೋನ ಬೆನ್ನಿಗೆ ಗುದ್ದಿದರು. "ಮೊದಲೇ ಹೇಳ್ಬಾರ್ದಾ ಮಹರಾಯ! ಕಾಲುಚೀಲ ಹಾಕ್ಕೋ." ಅಲ್ಲೇ ಫೋನು ತೆಗೆದು ಪಂದ್ಯದ ತೀರ್ಪುಗಾರ ನಮ್‌ಗುಂಗ್‌ಗೆ ಎಲ್ಲ ವಿವರಿಸಿದರು. ಪ್ಯೋ ನಗುತ್ತ ಕೂತಿದ್ದ. ಫೋನಿನ ಆಚೆಯ ಮಾತು ಕೇಳಿದ ಮೇಲೆ ನಗು ನಿಂತಿತು.

"ಬಹಳ ಸಂತೋಷ" ಅಂದಿದ್ದರು ತೀರ್ಪುಗಾರರು. "ಎರಡು ಗಂಟೆಗೆ ಅವರ ಅಡುಗೆಮನೆಗೇ ಬರ್ತೀನಿ. ನಮ್ಮ ಕಣ್ಣೆದುರಿಗೆ ಕೊಯ್ದು ತೋರಿಸ್ಲಿ. ದೂರು ಬರಬಾರ್ದಲ್ಲ, ಮೇಲುಸಂತೆಯವರನ್ನೂ ಕರ್ಕೊಂಡೇ ಬರ್ತೀನಿ."

ಪ್ಯೋ ಅಂಗಡಿಗೆ ಓಡಿದ. ಹೆಂಡತಿ, ಎಲ್ಲರ ಬಾಯಲ್ಲಿ ಸೊರಾ ಅಮ್ಮ, ಚಿಪ್ಪುಮೀನು ತೊಳೆಯುತ್ತಿದ್ದಳು. ಗಂಡನ ಮಾತು ಕೇಳುತ್ತ ಕೇಳುತ್ತ ಅವಳ ಕೈಯ ನೀರು ತೊಟ್ಟಿಕ್ಕುವುದೂ ನಿಂತಿತು.

"ಹಾಗಂತ ಹೇಳಿದ್ರಾ? ಎಲ್ಲರ ಮುಂದೆ?"

"ಬಾಯಿಗೆ ಬಂದ್ಬಿಡ್ತು ಕಣೇ."

"ಬಾಯಿಗೆ ಬಂದಿದ್ದನ್ನ ನುಂಗ್ಬೇಕಾಗಿತ್ತು ರೀ."

ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕೊಯ್ದುಕೊಂಡೆ ಅನ್ನೋಣವೆಂದು ಪ್ಯೋ ಯೋಚಿಸಿದ. ಸುತ್ತಿಯೂ ಸುತ್ತಿದ. "ಆ ಬೆರಳಲ್ಲಿ ನಾಲ್ಕು ಗಂಟೆಗೆ ಹೇಗೆ ಆಡ್ತೀರಿ?" ಅಂದಳು ಹೆಂಡತಿ. ಬಿಚ್ಚಿದ. ಬಾಗಿಲು ಹಾಕಿ ಬೋರ್ಡಿಗೆ "ರಜಾ" ಅಂಟಿಸೋಣವೆಂದು ಹೊರಗೆ ಬಂದರೆ, ಯೊಮ್ ಅಜ್ಜಿ ಆಗಲೇ ಒಂದು ಸ್ಟೂಲು ತಂದು ಹೊಸಿಲಿಗೆ ಅಡ್ಡ ಹಾಕಿ ಕೂತಿದ್ದರು.

"ಮುಂದಿನ ಜಾಗ ಆಮೇಲೆ ಸಿಗಲ್ಲ" ಅಂದರು.

ಎರಡು ಗಂಟೆಗೆ ಅಡುಗೆಮನೆಯಲ್ಲಿ ಸೌಟು ತಿರುಗಿಸಲು ಜಾಗವಿರಲಿಲ್ಲ. ತೀರ್ಪುಗಾರ ನಮ್‌ಗುಂಗ್ ಅಳತೆಪಟ್ಟಿ ತಂದಿದ್ದರು. ಮೇಲುಸಂತೆಯ ಮುಂದಾಳು, ಉಪ್ಪಿನಕಾಯಿ ಅಂಗಡಿಯ ಬೊಂಗ್, ಕೈಕಟ್ಟಿ ಗೋಡೆಗೆ ಒರಗಿ ನಿಂತ. ಅವನಿಗೆ ಎಲ್ಲರ ಮೇಲೂ ಅನುಮಾನ. ಹೂಕೋಸನ್ನು ಕೂಡ ಬಿಡಿಸಿ ನೋಡಿ ಕೊಳ್ಳುವವನು.

ಪ್ಯೋ ಹಿಟ್ಟು ಲಟ್ಟಿಸಿ, ಮಡಿಚಿ, ಚಾಕು ಎತ್ತಿದ. ಕೊಯ್ದ. ಮೊದಲ ಎಳೆ ನಡುಪಟ್ಟಿಯಷ್ಟು ಅಗಲ ಬಂತು. ಎರಡನೆಯದು ಹೊಲಿಗೆಯ ದಾರ. ಮೂರನೆಯದು ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ದಾರ. ನಾಲ್ಕನೆಯದಕ್ಕೆ ಚಾಕು ಜಾರಿ ಹಲಗೆಗೆ ಕಚ್ಚಿಕೊಂಡಿತು. ಮೆಂಗ್ ಬಂದು ಕಿತ್ತುಕೊಡಬೇಕಾಯಿತು.

ತೀರ್ಪುಗಾರರು ಅಳತೆಪಟ್ಟಿಯನ್ನು ತೆರೆಯಲೇ ಇಲ್ಲ.

"ಅಂದ್ರೆ ಕೈಗೆ ಲೆಕ್ಕ ಇಲ್ಲ" ಅಂದ ಬೊಂಗ್. "ಅಂದ್ರೆ ಸಿಪಾಯಿ ನಡೆಸಿದ್ದು ಯಂತ್ರ. ಬರೀರಿ ಸಾರ್, ಕೆಳಸಂತೆ ಆಚೆ."

ಮೆಂಗ್ ತಲೆ ತಗ್ಗಿಸಿದರು. ನೆರೆದವರೆಲ್ಲ ಪ್ಯೋನನ್ನು ಹಳಸಿದ ಮೀನು ನೋಡುವ ಹಾಗೆ ನೋಡಿದರು. ಐದು ವರ್ಷ ಆಗಿತ್ತು, ಇದು ಆರನೆಯದು. ತೀರ್ಪುಗಾರರು ಪೆನ್ನಿನ ಮುಚ್ಚಳ ತೆಗೆದರು.

"ನಿಲ್ಲಿ!" ಅಂದ ಪ್ಯೋ. ಹೆಂಡತಿಯ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಮೆಂಗ್‌ರ ಮುಖ ನೋಡಿದ. "ಆಟದಲ್ಲಿ ನಾನು ಮೋಸ ಮಾಡಿಲ್ಲ. ಅದು ನನ್ನ ಕೈಯೇ. ಆದ್ರೆ... ಆದ್ರೆ ಶಾವಿಗೆ ನನ್ನ ಕೈಯದ್ದಲ್ಲ."

ಅಕ್ಕಿ ಮೂಟೆಗಳ ಹಿಂದಿನ ಪರದೆಯನ್ನು ಎಳೆದ. ಹಂದಿಮರಿಯಷ್ಟು ಗಾತ್ರದ ಒಂದು ಯಂತ್ರ, ಮೂತಿಗೆ ಹಿಟ್ಟು ಮೆತ್ತಿಕೊಂಡು ಕೂತಿತ್ತು.

"ಎಂಟು ವರ್ಷ ಆಯ್ತು, ಚಾಕು ಹಿಡಿಯೋದೇ ಕೈಗೆ ಮರೆತುಹೋಗಿದೆ" ಅಂದ. "ಭುಜ ನೋವು ಅಂತ ಒಂದು ವಾರಕ್ಕೆ ತಂದಿದ್ದು. ದಿನಾ ಬೆಳಗ್ಗೆ ಪಕ್ಕದಲ್ಲಿ ಕೂತು ಹಿಟ್ಟು ತಿನ್ನಿಸ್ತೀನಿ. ಅದು ಹೊಡಿಯೋ ತಾಳಕ್ಕೆ ನನ್ನ ಎಡಗೈ ಬೆರಳು ತೊಡೆ ಮೇಲೆ ಕುಟ್ಟಿ ಕುಟ್ಟಿ ಅಭ್ಯಾಸ ಆಗ್ಬಿಟ್ಟಿದೆ. ಆಟದಲ್ಲಿ ಸಿಪಾಯೀನ ನಡೆಸೋದೂ ಅದೇ ಬೆರಳು, ಅದೇ ತಾಳ. ಬೇಕಾದ್ರೆ ಹಚ್ಚಿ ನೋಡಿ."

ಹಚ್ಚಿದರು. ಟಕ್, ಟಕ್, ಟಕ್, ಟಕ್. ಪ್ಯೋನ ಬೆರಳು ಮೇಜಿನ ಮೇಲೆ ಕುಟ್ಟಿತು. ಯಂತ್ರ ನಿಲ್ಲಿಸಿದರು, ಬೆರಳು ನಿಲ್ಲಲಿಲ್ಲ. ತೀರ್ಪುಗಾರರು ಫೋನಿನಲ್ಲಿ ಅಳೆದರು. ಪ್ಯೋನ ಕಣ್ಣು ಕಟ್ಟಿ ಅಳೆದರು. ಅಜ್ಜಿಯ ಕೈಯಿಂದ ಅವನ ಕಿವಿ ಹಿಂಡಿಸಿ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಮನುಷ್ಯನೇ" ಎಂದು ತೀರ್ಪು ಕೊಟ್ಟರು. "ಆಟದ ಕಂಪನಿ ಹಾಕಿದ ಬೀಗ ಕಂಪನಿಯವರಿಗೆ ಬಿಟ್ಟಿದ್ದು. ಇವತ್ತು ನಮ್ಮ ಖಾತೆಯಲ್ಲಿ ಆಡ್ಲಿ. ಕೆಳಸಂತೆ ಪಂದ್ಯದಲ್ಲಿದೆ."

ಸಂಭ್ರಮ ಪಡಬೇಕಾದ ಗಳಿಗೆ. ಯಾರೂ ಪಡಲಿಲ್ಲ.

"ನಮ್ಮತ್ತೆ ಸಾಯೋ ಮುಂಚೆ ಕೊನೇ ಊಟ ನಿನ್ನ ಕೈಶಾವಿಗೆ" ಅಂದಳು ತಾಕ್ ಮೆಲ್ಲಗೆ. ಈಗ ಹೆಡ್‌ಫೋನ್ ಇರಲಿಲ್ಲ. "ಕೈ ರುಚಿ ಅಂದ್ರೆ ಇದು ಅಂತ ಹೇಳಿ ಕಣ್ಣು ಮುಚ್ಚಿದ್ರು."

ಯೊಮ್ ಅಜ್ಜಿ ತಮ್ಮ ಸ್ಟೂಲು ಹೊರಗೆ ಒಯ್ದು, ಅದರ ಮೇಲೆ ಹತ್ತಿ, ಬೋರ್ಡಿನ "ಕೈ" ಅನ್ನುವ ಅಕ್ಷರದ ಮೇಲೆ ಹಳೆಯ ಪೇಪರು ಅಂಟಿಸಿದರು. ಅಂಟು ಅವರದೇ ಅಕ್ಕಿಹಿಟ್ಟಿನದು. ಅದು ಬೇಗ ಬಿಡುವಂಥದ್ದಲ್ಲ. ಸೊರಾ ಅಮ್ಮ ಒಳಗಿನಿಂದ ನೋಡುತ್ತಿದ್ದಳು, ಚಿಪ್ಪುಮೀನನ್ನು ಮತ್ತೆ ಮೊದಲಿನಿಂದ ತೊಳೆಯತೊಡಗಿದಳು.

"ಆಗಿದ್ದಾಯ್ತು" ಅಂದರು ಮೆಂಗ್. "ಪಂದ್ಯ ಗೆಲ್ಲು. ಬಟ್ಟೆ ಮೇಲೆ ನಿನ್ನ ಹೆಸರು ಬಂದ್ರೆ ಜನ ಶಾವಿಗೆ ಮರೀತಾರೆ."

ಪ್ಯೋಗೂ ಹಾಗೇ ಅನ್ನಿಸಿತು. ಹೋದದ್ದು ಅಂಗಡಿಯ ಮಾನ. ಹೆಸರಿನ ಮಾನ ಇನ್ನೂ ಇದೆ.

ನಾಲ್ಕಕ್ಕೆ ಆಟ ಶುರುವಾಯಿತು. ಐದು ಸುತ್ತು, ಮೂರು ಗೆದ್ದವರದು ಪಂದ್ಯ. ಪೀಸಿ ಬಾಂಗಿನಲ್ಲಿ ಎರಡೂ ಸಂತೆಯವರು ಎದುರುಬದುರು ಕೂತರು. ಪ್ಯೋನ ಸಿಪಾಯಿ ಹೊಗೆ ಎಸೆದ, ಅಂಗಳ ದಾಟಿದ, ಮುರಿದ ಬೋಗಿಯ ಅಂಚಿಗೆ ಬಂದ. ಎಡ, ಬಲ, ಕೂತ.

ಎದುರು ಸಾಲಿನಿಂದ ಒಂದು ಸದ್ದು ಕೇಳಿಸಿತು. ಬೊಂಗ್ ಬೆರಳಿನಿಂದ ಮೇಜು ಕುಟ್ಟುತ್ತಿದ್ದ. ಟಕ್, ಟಕ್, ಟಕ್. ಅವನ ಉಳಿದ ನಾಲ್ವರೂ ಬಾಯಲ್ಲೇ ಎಣಿಸುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಅಡುಗೆಮನೆಯ ಗೋಡೆಗೆ ಒರಗಿ ಆ ತಾಳವನ್ನು ಅರ್ಧ ಗಂಟೆ ಪುಕ್ಕಟೆ ಕಲಿತವನು ಅವನು.

"ಈಗ" ಅಂದ ಬೊಂಗ್. ಪ್ಯೋನ ತಲೆ ಎದ್ದೇಳುವ ಜಾಗಕ್ಕೆ ಮೊದಲೇ ಗುಂಡು ಬಂದು ಕಾಯುತ್ತಿತ್ತು.

ಎರಡನೆಯ ಸುತ್ತಿನಲ್ಲಿ ತಾಳ ತಪ್ಪಿಸಲು ಪ್ಯೋ ಹಲ್ಲು ಕಚ್ಚಿ ಹೆಣಗಿದ. ಬೆರಳು ಕೇಳಲಿಲ್ಲ. ಎಡ, ಬಲ, ಕೂತ, ಎದ್ದದ್ದೇ ಸತ್ತ. ಮೂರನೆಯ ಸುತ್ತಿನಲ್ಲಿ ಬಲಗೈಯಿಂದ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೈ ನಿಂತಿತು. ಸಿಪಾಯಿಯೂ ನಿಂತ, ನಟ್ಟ ನಡು ಬಯಲಲ್ಲಿ, ಬಸ್ ಕಾಯುವವನ ಹಾಗೆ. ಐದು ಕಡೆಯಿಂದ ಐದು ಗುಂಡು ಬಂದವು.

ಮೇಲುಸಂತೆಯವರು ಕುಣಿಯುತ್ತ ಹೊರಗೆ ಹೋದರು. ಕೆಳಸಂತೆಯವರು ಕೂತಲ್ಲೇ ತಮ್ಮ ಚಪ್ಪಲಿ ನೋಡಿಕೊಂಡರು. ಮೆಂಗ್ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಕೊನೆಗೆ ಪ್ಯೋನ ಕಡೆ ತಿರುಗಿ, ಒಳ್ಳೆ ಮನುಷ್ಯರು, ದನಿಯನ್ನೂ ಏರಿಸದೆ ಕೇಳಿದರು:

"ಅಲ್ಲಯ್ಯಾ ಪ್ಯೋ, ಮೋಸ ಮಾಡೋದೇ ಆಗಿದ್ರೆ, ಅಡುಗೆಮನೆ ಬಿಟ್ಟು ಇಲ್ಲಿ ಮಾಡ್ಬಾರ್ದಾಗಿತ್ತಾ?"