ಡ್ಯಾಮಿನ ಕಿವಿಗೆ ಹೊಸ ಡಬ್ಬಿ

ದೇವರು ಪರಮಣ್ಣನಿಗೆ ಎಲ್ಲರಂತೆ ಎರಡೇ ಕಿವಿ ಕೊಟ್ಟಿದ್ದ. ಆದರೆ ನೀರಾವರಿ ಇಲಾಖೆಯ ಗುಮಾಸ್ತನಾದ ಪರಮಣ್ಣ ಅವುಗಳನ್ನು ಎರಡು ಶಾಖೆಗಳಾಗಿ ವಿಂಗಡಿಸಿಕೊಂಡಿದ್ದ. ಸಂಗೀತದ ಶಾಖೆ ಸದಾ ತೆರೆದಿರುತ್ತಿತ್ತು. ಸಂಸಾರದ ಶಾಖೆಗೆ ಬಹಳ ವರ್ಷಗಳಿಂದ ಬೀಗ.

ಬೀಗಕ್ಕೆ ಕಾರಣ ನಾರಾಯಣಪುರದ ಡ್ಯಾಮು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಹನ್ನೊಂದು ವರ್ಷ ಇದ್ದು ಶಹಾಪುರಕ್ಕೆ ವರ್ಗವಾಗಿ ಬಂದವನು ಅವನು. ಹೆಂಡತಿ ಭಾಗಮ್ಮ ಅಡುಗೆಮನೆಯಿಂದ, "ರೀ, ನಳ ಬಂತು, ಕೊಡ ಇಡ್ರಿ" ಎಂದು ಮೂರು ಸಲ ಕೂಗಿ ನಾಲ್ಕನೆಯ ಸಲಕ್ಕೆ ತಾನೇ ಎದ್ದು ಹೋದ ಮೇಲೆ, "ಕರೆದೇನು? ಕೇಳಸಲಿಲ್ಲ. ಗೇಟಿನ ನೀರಿನ ಸಪ್ಪಳ ಕೇಳಿ ಕೇಳಿ ಕಿವಿ ಮಂದ ಆಗ್ಯಾವ ನೋಡು" ಎನ್ನುತ್ತಿದ್ದ. (ಅದೇ ಕ್ವಾರ್ಟರ್ಸಿನಲ್ಲಿ ಅಷ್ಟೇ ವರ್ಷ ಇದ್ದ ಭಾಗಮ್ಮನಿಗೆ ಹಾಲು ಉಕ್ಕುವ ಸದ್ದು ಹಿತ್ತಲಿನಿಂದಲೇ ಕೇಳುತ್ತಿತ್ತು ಎಂಬುದು ಬೇರೆ ಮಾತು.)

ಇಂಥ ಪರಮಣ್ಣನಿಗೆ ಸ್ಟ್ರೀಮರ್ ಬದಲಿಸುವ ಬಯಕೆ ಹುಟ್ಟಿತು. ಸ್ಟ್ರೀಮರ್ ಎಂದರೆ ಇಂಟರ್ನೆಟ್ಟಿನಿಂದ ಹಾಡು ಎಳೆದು ತಂದು ಆಂಪ್ಲಿಫಯರಿಗೆ ಒಪ್ಪಿಸುವ ಡಬ್ಬಿ. ಅವನ ಮನೆಯಲ್ಲಿ ಅಂಥದೊಂದು ಆಗಲೇ ಇತ್ತು, ಚೆನ್ನಾಗಿಯೇ ಹಾಡುತ್ತಿತ್ತು. ಆದರೆ ಮೂರು ತಿಂಗಳು ಮೊಬೈಲಿನಲ್ಲಿ ಪರಿಣತರ ವಿಡಿಯೋ ನೋಡಿ ನೋಡಿ ಅವನಿಗೆ ಹಳೆಯ ಡಬ್ಬಿಯ ಮೇಲೆ ವೈರಾಗ್ಯ ಬಂದುಬಿಟ್ಟಿತು. ಭಾಗಮ್ಮನನ್ನು ಕೇಳದೆ ಹೊಸದನ್ನು ತರಿಸಿಯೂ ಬಿಟ್ಟ.

"ಹಳೇದಕ್ಕ ಏನ್ ರೋಗ ಬಂದಿತ್ರೀ?" ಎಂದಳು ಭಾಗಮ್ಮ.

"ಅದರಾಗ ದನಿಗೂ ನಮಗೂ ನಡುವ ಒಂದು ಪರದೆ ಅದ. ಹೊಸದರಾಗ ತಂಬೂರಿಯ ನಾಲ್ಕನೇ ತಂತಿ ಬ್ಯಾರೇನೇ ಕೇಳ್ತದ. ಹಾಡೋರು ಉಸಿರು ತಗೊಳ್ಳೋದೂ ಕೇಳ್ತದ!"

"ನಾ ಉಸಿರು ಬಿಟ್ಟು ಒದರಿದ್ರ ಕೇಳಂಗಿಲ್ಲ. ಅವ್ರು ಉಸಿರು ತಗೊಂಡದ್ದು ಕೇಳ್ತದ?"

ಪರಮಣ್ಣ ಎಂದಿನಂತೆ ಕೇಳಿಸಲಿಲ್ಲ ಎಂದ.

ಡಬ್ಬಿ ಬೇಡವೆನಿಸಿದರೆ ಹತ್ತು ದಿನದೊಳಗೆ ವಾಪಸ್ ಕಳಿಸಬಹುದಿತ್ತು. ಭಾಗಮ್ಮ ಎಂಟನೆಯ ದಿನ ಕರಾರು ಹಾಕಿದಳು. ಡಬ್ಬಿಗಳ ಮುಂದೆ ಪರದೆ ಕಟ್ಟಬೇಕು. ಅವಳು ಒಳಗೆ ಕೂತು ಒಮ್ಮೆ ಹಳೆಯದು, ಒಮ್ಮೆ ಹೊಸದು ಎಂದು ಐದು ಸಲ ಹಾಡು ಹಚ್ಚುತ್ತಾಳೆ. ಐದೂ ಸಲ ಸರಿಯಾಗಿ ಗುರುತಿಸಿದರೆ ಹೊಸದು ಮನೆಯಲ್ಲಿ ಉಳಿಯುತ್ತದೆ. ಒಂದು ತಪ್ಪಿದರೂ ಬಂದ ದಾರಿ ಹಿಡಿಯುತ್ತದೆ. ಪಂಚನಾಗಿ ಪಕ್ಕದ ಮನೆಯ ಟೇಲರ್ ಖಾಜಾಹುಸೇನ ಬರುತ್ತಾನೆ.

ಪರಮಣ್ಣ "ಅಷ್ಟೇ ಏನು?" ಎಂದು ನಕ್ಕ. ನಗು ಮಾತ್ರ ತುಟಿಯ ಮೇಲಿನದು. ಯಾಕೆಂದರೆ (ನಿಮ್ಮ ಹತ್ತಿರ ಮುಚ್ಚಿಡುವುದೇನು) ಎಂಟು ದಿನ ಕಿವಿ ನಿಗುರಿಸಿ ಕೇಳಿದರೂ ಅವನಿಗೆ ಎರಡು ಡಬ್ಬಿಗಳಿಗೆ ಎಳ್ಳಷ್ಟೂ ವ್ಯತ್ಯಾಸ ಗೊತ್ತಾಗಿರಲಿಲ್ಲ.

ಮರುದಿನ ಭಾನುವಾರ, ಊಟದ ಮೇಲೆ ಪರೀಕ್ಷೆ. ಹಗ್ಗಕ್ಕೆ ಅತ್ತೆಯ ಕಾಲದ ಕೌದಿ ಇಳಿಬಿಟ್ಟಿದ್ದರು. ಭಾಗಮ್ಮ ಉತ್ತರ ಬರೆದ ಚೀಟಿಯನ್ನು ಮಡಚಿ ಖಾಜಾಹುಸೇನನ ಕೈಗಿತ್ತು ಕೌದಿಯ ಹಿಂದೆ ಹೋದಳು. ಪರಮಣ್ಣ ಕುರ್ಚಿಯಲ್ಲಿ ಕೂತು ವಾಯರ್ ಕೀಳುವ, ಚುಚ್ಚುವ ವಿಧಿವಿಧಾನವನ್ನು ಮತ್ತೊಮ್ಮೆ ಬೋಧಿಸಿದ.

"ಮೊದಲ ರುಚಿಗಿ ಒಂದೊಂದು ಸಲ ಕೇಳ್ರಿ" ಎಂದಳು ಒಳಗಿನಿಂದ. "ಇದು ಹಳೇದು." ಒಂದು ತತ್ವಪದ ಬಂತು, ನಿಂತಿತು. "ಈಗ ಹೊಸದು." ಖಣ್ ಎಂದು ಬಳೆ ಸದ್ದಾಯಿತು. ಮತ್ತೆ ಅದೇ ಪದ.

ಪರಮಣ್ಣನ ಮುಖ ಅರಳಿತು. ಹೊಸ ಡಬ್ಬಿ ಇದ್ದದ್ದು ಮೂಲೆಯ ಗೋಡೆಗೂಡಿನಲ್ಲಿ. ಅಲ್ಲಿಗೆ ಕೈ ಚಾಚಿದರೆ ಬಳೆ ಗೂಡಿನ ಅಂಚಿಗೆ ತಾಗುತ್ತದೆ. ಬಳೆ ಸದ್ದಾದರೆ ಹೊಸದು, ಇಲ್ಲದಿದ್ದರೆ ಹಳೆಯದು! ಅವನು ನಿಶ್ಚಿಂತೆಯಿಂದ ಕಣ್ಣು ಮುಚ್ಚಿ ಕೂತ.

ಖಣ್. "ಹೊಸದು! ಏನ್ ಗಂಭೀರ ದನಿ, ಏನ್ ಮಾತು!" ಸದ್ದಿಲ್ಲ. "ಛೇ, ಹಳೇದು. ಪರದೆ ಬಿತ್ತು ನೋಡಪಾ." ಖಣ್. "ಹೊಸದು. ನಾಲ್ಕನೇ ತಂತಿ ಹೆಂಗ ಮಿಡಿಯಾಕತ್ತದ!" ಮತ್ತೆ ಖಣ್. "ಹೊಸದೇ. ಮೋಸ ಮಾಡಬ್ಯಾಡ." ಸದ್ದಿಲ್ಲ. "ಹಳೇದು. ಸಾಕು, ನಿಲ್ಲಿಸು, ಕಿವಿ ನೋಯ್ತದ."

ಖಾಜಾಹುಸೇನ ಚೀಟಿ ಬಿಚ್ಚಿ ಓದಿ ಎದ್ದೇ ನಿಂತ. "ಯಾ ಅಲ್ಲಾ! ಐದಕ್ಕ ಐದೂ ಬರೋಬ್ಬರಿ! ಪರಮಣ್ಣಾರ, ಇವು ಕಿವಿ ಅಲ್ರಿ, ಅಜೂಬಾ!"

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು. ಪರಮಣ್ಣ ಎದೆ ಉಬ್ಬಿಸಿಕೊಂಡು ಅಂಗಡಿಯ ತನಕ ಕಾರಣವಿಲ್ಲದೆ ಎರಡು ಸಲ ಹೋಗಿ ಬಂದ.

ಮರುದಿನ ಬೆಳಿಗ್ಗೆ ಅವನು ಹೊಸ ಡಬ್ಬಿಯ ಮುಂದೆ ಕೂತಿದ್ದಾಗ ಅಡುಗೆಮನೆಯಿಂದ ಭಾಗಮ್ಮ, ಕೂಗಲಿಲ್ಲ, ರೊಟ್ಟಿ ಬಡಿಯುತ್ತ ಮೆಲ್ಲಗೆ ಅಂದಳು: "ಜ್ವಾಳ ಗಿರಣಿಗಿ ಒಯ್ರಿ."

ಪರಮಣ್ಣ ಅಲ್ಲಾಡಲಿಲ್ಲ. ಎರಡು ನಿಮಿಷಕ್ಕೆ ಅವಳು ಬಾಗಿಲಲ್ಲಿ ಬಂದು ನಿಂತಳು.

"ಕರೆದೇನು? ಕೇಳಸಲಿಲ್ಲ. ಡ್ಯಾಮಿನ..."

"ನಾಲ್ಕನೇ ತಂತಿ ಕೇಳಿದ ಕಿವಿಗಿ ಹೆಂಡ್ತಿ ದನಿ ಕೇಳಸಲಿಲ್ಲೇನ್ರಿ? ಖಾಜಾಹುಸೇನಣ್ಣನ್ನ ಕರೀಲೇನು?"

ಪರಮಣ್ಣ ಜೋಳದ ಚೀಲ ಹೊತ್ತ. ಅಂದಿನಿಂದ ಕೇಳಿಸಲಿಲ್ಲ ಎನ್ನುವ ಹಾಗೇ ಇಲ್ಲ. ಹಿತ್ತಲಿನಲ್ಲಿ ಪಿಸುಗುಟ್ಟಿದರೂ ಏಳಬೇಕು. ಮುಂದಿನ ನಾಲ್ಕು ದಿನದಲ್ಲಿ ಗಿರಣಿ, ನಳ, ಗ್ಯಾಸ್, ಒಣಗಿದ ಬಟ್ಟೆ ಎಂದು ಓಡಾಡಿ ಹೊಸ ಡಬ್ಬಿಯಲ್ಲಿ ಒಂದು ಪದ ಪೂರ್ತಿ ಕೇಳಿದ್ದರೆ ಕೇಳಿ. ಗೆಲುವು ಬಾಯಲ್ಲಿ ಬಿಸಿತುಪ್ಪವಾಗಿ ಕೂತಿತು.

ಐದನೆಯ ದಿನ ಅವನು ಸೋತು ಸುಣ್ಣವಾಗಿ ನಿಜ ಹೇಳಿಬಿಟ್ಟ. ಡಬ್ಬಿ ವಾಪಸ್ ಕಳಿಸುವ ಗಡುವು ಮುಗಿದಿತ್ತಲ್ಲ, ಧೈರ್ಯ ಬಂದಿತ್ತು.

"ಭಾಗೂ, ನನಗ ಫರಕ್ಕೇ ಗೊತ್ತಾಗಿರಲಿಲ್ಲ. ನಿನ್ನ ಕೈಯಾಗಿನ ಬಳಿ ಸಪ್ಪಳ ಕೇಳಿ ಹೇಳಿದೆ. ನನ್ನ ಕಿವಿ ಖರೇನೇ ಮಂದ ಅವ."

ಭಾಗಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಕೌದಿ ಹಿಂದಿನ ಬಳಿ ಸಪ್ಪಳ ಕೇಳಿದ್ರಲ್ಲ, ಇನ್ನೂ ಮಂದ ಹೆಂಗ್ರಿ? ನೀವು ಕೇಳ್ತೀರಿ ಅಂತನೇ ಬಾರಿಸಿದ್ದೆ. ವಾಯರ್ ಮುಟ್ಟೇ ಇಲ್ಲ. ಮೊದಲಿಂದ ಕೊನೀ ತನಕ ಹಾಡಿದ್ದು ಹಳೇ ಡಬ್ಬಿನೇ."

ಪರಮಣ್ಣನಿಗೆ ಗಂಭೀರ ದನಿ, ಬಿದ್ದ ಪರದೆ, ಮಿಡಿದ ನಾಲ್ಕನೆಯ ತಂತಿ ಎಲ್ಲ ಸಾಲಾಗಿ ನೆನಪಾದವು. ಕಿವಿ ಬಿಸಿಯಾದವು.

"ಮತ್ತ ಯಾಕ ಗೆಲ್ಲಿಸಿದಿ?"

"ಸೋತಿದ್ರ ಡಬ್ಬಿ ಹೋಗ್ತಿತ್ತು, ನೀವು ಕಿವುಡ್ರಾಗೇ ಉಳೀತಿದ್ರಿ. ಇಷ್ಟು ವರ್ಷ ಗೋಡಿ ಕೂಡ ಮಾತಾಡಿ ನನಗ ಸಾಕಾಗ್ಯದ್ರಿ" ಎಂದಳು. ಆ ಮಾತಿನಲ್ಲಿ ನಗೆ ಇರಲಿಲ್ಲ. ಪರಮಣ್ಣನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು.

ಅಷ್ಟರಲ್ಲಿ ಹಿತ್ತಲಲ್ಲಿ ನಳ ಬುಸುಗುಟ್ಟಿತು. ಯಾರೂ ಕರೆಯದೆ ಅವನೇ ಎದ್ದು ಕೊಡ ಹಿಡಿದು ಹೋದ. ಎರಡನೆಯ ಕೊಡ ತುಂಬುವಾಗ ಒಳಗಿನಿಂದ ತತ್ವಪದ ತೇಲಿ ಬಂತು. ಭಾಗಮ್ಮ ಸೊಪ್ಪು ಬಿಟ್ಟು ಕಾಲು ಚಾಚಿ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ಎಷ್ಟಾದರೂ ಹುಟ್ಟುಗುಣ, ಅವನಿಗೆ ತಡೆಯಲಾಗಲಿಲ್ಲ.

"ಏ ಭಾಗೂ, ಇದು ಹೊಸ ಡಬ್ಬಿಯೋ ಹಳೇದೋ?" ಎಂದು ಮೂರು ಸಲ ಕೂಗಿದ.

ನಾಲ್ಕನೆಯ ಸಲಕ್ಕೆ ಒಳಗಿನಿಂದ ಉತ್ತರ ಬಂತು: "ಕರದ್ರೇನು? ಕೇಳಸಲಿಲ್ಲ! ನಾನೂ ಅದೇ ಡ್ಯಾಮಿನಾಗ ಇದ್ದಾಕಿ ಅಲ್ಲೇನ್ರಿ?"